ಫ್ರಿಜ್ ಮೇಲೆ ಮೂರು ಫೋನು

ನಮಸ್ಕಾರ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಪುಟ್ಟ ಮನೆಯಲ್ಲಿ ಎಂಟನೆಯ ತರಗತಿಯ ಮಗಳಿಗೆ ಓದಲು, ಮಲಗಲು, ಗೆಳತಿಯರೊಡನೆ ಹರಟಲು ಇರುವುದು ಹಾಲ್‌ನ ಒಂದೇ ಮೂಲೆ. ಕಳೆದ ವರ್ಷ ಒಂದು ರಾತ್ರಿ, ಅವಳು ನಿದ್ದೆ ಹೋದ ಮೇಲೆ, ನಾನು ಅವಳ ವಾಟ್ಸ್‌ಆ್ಯಪ್ ತೆರೆದು ಓದಿದೆ. ಅರ್ಧ ಹಿಂದಿ, ಅರ್ಧ ಮರಾಠಿ, ನಡುನಡುವೆ ನನಗೆ ತಿಳಿಯದ ಸಂಕ್ಷೇಪಾಕ್ಷರಗಳು. ಆತಂಕಪಡುವಂಥದ್ದೇನೂ ಕಾಣಲಿಲ್ಲ, ಇದ್ದಿದ್ದರೂ ನನಗೆ ಅರ್ಥವಾಗುತ್ತಿತ್ತೋ ಇಲ್ಲವೋ. ಅವಳಿನ್ನೂ ನೋಡಿರದ ಸಂದೇಶಗಳು ನೋಡಿದಂತೆ ತೋರುತ್ತಿದ್ದುದರಿಂದ ಬೆಳಿಗ್ಗೆಯೇ ವಿಷಯ ತಿಳಿದುಹೋಯಿತು. ಮಗಳು ಜಗಳವಾಡಲಿಲ್ಲ. ಸಂಜೆಯೊಳಗೆ ಫೋನಿನ ಲಾಕ್ ಬದಲಾಗಿತ್ತು. ಶಾಲೆಯಿಂದ ಬಂದೊಡನೆ "ಅಮ್ಮ, ಇವತ್ತು ಏನಾಯ್ತು ಗೊತ್ತಾ" ಎಂದು ಶುರುವಾಗುತ್ತಿದ್ದ ಮಾತು ಎಷ್ಟೋ ವಾರ ನಿಂತುಹೋಯಿತು.

ಈ ವಯಸ್ಸಿನ ಮಕ್ಕಳ ಮೇಲೆ ನಿಗಾ ಬೇಕೇ ಬೇಕು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಅದು ಮಗುವಿನ ಕಣ್ಣೆದುರೇ ನಡೆಯಬೇಕು. ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಪೋಷಕರ ಆ್ಯಪ್‌ನಲ್ಲಿ ಮಗುವಿನ ಫೋನಿಗೆ ದಿನದ ಮಿತಿಯನ್ನೂ ಮಲಗುವ ಹೊತ್ತನ್ನೂ ನಿಗದಿಪಡಿಸಬಹುದು, ಯಾವ ಆ್ಯಪ್ ಬೇಕು ಬೇಡವೆಂದು ತೀರ್ಮಾನಿಸಬಹುದು. ಸಂದೇಶಗಳನ್ನು ಓದಲು ಬರುವುದಿಲ್ಲ. 13 ವರ್ಷ ತುಂಬಿದವರಿಗೆ ಖಾತೆ ಕೊಡುವ ಇನ್‌ಸ್ಟಾಗ್ರಾಂ ಕೂಡ, ಮಗು ಇತ್ತೀಚೆಗೆ ಯಾರೊಡನೆ ಮಾತನಾಡಿದೆ ಎಂಬುದನ್ನು ಮೇಲ್ವಿಚಾರಣೆಯ ಸೌಲಭ್ಯ ಹಾಕಿಕೊಂಡ ತಂದೆತಾಯಿಗೆ ತೋರಿಸುತ್ತದೆಯೇ ಹೊರತು ಏನು ಮಾತನಾಡಿತು ಎಂಬುದನ್ನಲ್ಲ. ಈ ಗೆರೆ ಸರಿಯಾದ ಜಾಗದಲ್ಲೇ ಇದೆ: ಅಪರಿಚಿತನೊಬ್ಬ ಮಗುವಿನ ಬೆನ್ನು ಹತ್ತಿದ್ದಾನೆಯೇ ಎಂಬುದು ನಮಗೆ ಗೊತ್ತಿರಬೇಕು, ಗೆಳತಿಯ ಮೇಲಿನ ಮುನಿಸು ಅವಳಿಗೇ ಸೇರಿದ್ದು.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ಸಂಜೆ 7ಕ್ಕೆ ಸೈರನ್ ಮೊಳಗಿಸಿ, 8.30ರವರೆಗೆ ಊರಿನ ಟಿ.ವಿ., ಮೊಬೈಲುಗಳನ್ನು ಆರಿಸಿಡುವ ನಿಯಮ ಮಾಡಿಕೊಂಡರು. ಅದರಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಧಾರಾವಾಹಿ ನೋಡುವ ಅಜ್ಜಿಗೂ ಫೋನು ಬಿಡದ ಅಪ್ಪನಿಗೂ ಸೈರನ್ ಒಂದೇ. ಲೋಕಲ್ ರೈಲು ಹತ್ತಿದಾಗಿನಿಂದ ಊಟದ ತಟ್ಟೆಯವರೆಗೆ ರೀಲ್ಸ್ ನೋಡುತ್ತಲೇ ಬರುವ ನಾವು, ಮಗುವಿಗೆ ಮಾತ್ರ ಮಿತಿ ಹೇಳಿದರೆ ಅದು ಕೇಳಬೇಕಾದರೂ ಏಕೆ?

ಈಗ ನಮ್ಮ ಮನೆಯಲ್ಲಿ ರಾತ್ರಿ 10ಕ್ಕೆ ಮೂರೂ ಫೋನುಗಳು ಫ್ರಿಜ್ ಮೇಲೆ ಚಾರ್ಜಿಗೆ ಹೋಗುತ್ತವೆ. ಅವಳ ಹೊಸ ಲಾಕ್ ಏನೆಂದು ನಾನು ಕೇಳಿಲ್ಲ. ಮೊನ್ನೆ ಹತ್ತೂಕಾಲಾದರೂ ಅಲ್ಲಿ ಎರಡೇ ಇದ್ದುದನ್ನು ಕಂಡು, "ಪಪ್ಪಾ, ನಿಮ್ಮದು?" ಎಂದು ಮಗಳು ಕೇಳಿದಳು, ಆಫೀಸಿನ ಮೆಸೇಜು ಅರ್ಧಕ್ಕೇ ಬಿಟ್ಟು ಅವರು ಎದ್ದುಹೋಗಿ ಇಟ್ಟು ಬಂದರು.