ಬೆಂಕಿ ಇಡುತ್ತಿದ್ದ ಕೈ

ಕೇಳುಗ ಮಿತ್ರರಿಗೆ ನಮಸ್ಕಾರ.

ಬಂಡಾಯಗಾರ ಎಂದಕೂಡಲೇ ಎದೆ ಸೆಟೆಸಿ ನಿಂತವನೊಬ್ಬ ಕಣ್ಣಮುಂದೆ ಬರುತ್ತಾನೆ. ಅಮೆರಿಕದ ರೇ ಬ್ರಾಡ್ಬರಿ 1953ರಲ್ಲಿ ಪ್ರಕಟಿಸಿದ ‘ಫ್ಯಾರನ್‌ಹೀಟ್ 451’ ಕಾದಂಬರಿಯ ಗೈ ಮೊಂಟಾಗ್ ಆ ಜಾತಿಯವನಲ್ಲ. ಅವನು ಅಗ್ನಿಶಾಮಕ ದಳದ ನೌಕರ. ಅಲ್ಲಿ ದಳದ ಕೆಲಸವೇ ತಿರುವುಮುರುವು: ಪುಸ್ತಕ ಬಚ್ಚಿಟ್ಟವರ ಮನೆ ಹುಡುಕಿ, ಸೀಮೆಎಣ್ಣೆ ಸುರಿದು ಸುಡುವುದು. 10 ವರ್ಷ ಅದನ್ನು ಖುಷಿಯಾಗಿಯೇ ಮಾಡಿಕೊಂಡು ಬಂದವನು ಈತ.

ಒಂದು ರಾತ್ರಿ ಮುದುಕಿಯೊಬ್ಬಳ ಮನೆ ಸುಡಲು ಹೋದಾಗ, ಮೇಲಿಂದ ಬಿದ್ದ ಪುಸ್ತಕವನ್ನು ಅವನ ಕೈ ಕಂಕುಳಿಗೆ ಸೇರಿಸಿಬಿಡುತ್ತದೆ. ಮನಸ್ಸು ಇನ್ನೂ ಏನನ್ನೂ ತೀರ್ಮಾನಿಸಿಲ್ಲ, ಕೈ ಆಗಲೇ ಕದ್ದಾಗಿದೆ! ಮುದುಕಿ ಹೊರಗೆ ಬರಲೊಪ್ಪದೆ, ತಾನೇ ಕಡ್ಡಿ ಗೀರಿ ಪುಸ್ತಕಗಳೊಂದಿಗೆ ಉರಿದುಹೋಗುತ್ತಾಳೆ. ಬೆಳಗಾದರೆ ಮೊಂಟಾಗನಿಗೆ ಚಳಿಜ್ವರ, ವಾಂತಿ. ಘೋಷಣೆಗಿಂತ ಈ ಜ್ವರವನ್ನೇ ನಾನು ಹೆಚ್ಚು ನಂಬುತ್ತೇನೆ.

ಹೆಂಡತಿ ಮಿಲ್ಡ್ರೆಡ್‌ಗೆ ಇದ್ಯಾವುದೂ ತಟ್ಟುವುದಿಲ್ಲ. ಮನೆಯ ಮೂರು ಗೋಡೆ ತುಂಬ ಟಿವಿ, ನಾಲ್ಕನೆಯದಕ್ಕೂ ಬೇಕೆಂಬ ಹಟ. ರಾತ್ರಿಯಿಡೀ ಕಿವಿಯೊಳಗೆ ಪುಟ್ಟ ರೇಡಿಯೊ. ಬಾನುಲಿಯಲ್ಲಿ ಕೂತು ಇದನ್ನು ಹೇಳಲು ನನಗೆ ತುಸು ಮುಜುಗರವೇ.

ಮೇಲಧಿಕಾರಿ ಬೀಟಿ ಹಾಸಿಗೆಯ ಪಕ್ಕ ಕೂತು ಆಡುವ ಮಾತೇ ಕಾದಂಬರಿಯ ತಿರುಳು. ಈ ನಿಷೇಧ ಸರ್ಕಾರದ ಆಜ್ಞೆಯಿಂದ ಶುರುವಾಗಲಿಲ್ಲ, ಎನ್ನುತ್ತಾನೆ. ಜನಕ್ಕೆ ಅವಸರ ಹತ್ತಿತು, ದೊಡ್ಡ ಗ್ರಂಥಗಳು ಸಾರಾಂಶಗಳಾದವು, ಸಾರಾಂಶ ನಾಲ್ಕು ಸಾಲಿಗಿಳಿಯಿತು. ಯಾರಿಗೂ ನೋಯಬಾರದೆಂದು ಇಲ್ಲೊಂದು ಅಲ್ಲೊಂದು ಕತ್ತರಿ ಬಿತ್ತು. ಬೆಂಕಿ ಬಂದದ್ದು ಕಡೆಗೆ. ಹೀಗೆನ್ನುವ ಬೀಟಿ ಬೇಕಾದಷ್ಟು ಓದಿಕೊಂಡವನು. ಅದೇ ಭಯ ಹುಟ್ಟಿಸುವ ಸಂಗತಿ.

ಮೊಂಟಾಗನ ಬಂಡಾಯದಲ್ಲಿ ಜಾಣತನ ಇಲ್ಲವೇ ಇಲ್ಲ. ಗುಟ್ಟು ಕಾಯಬೇಕಾದ ಹೊತ್ತಿನಲ್ಲಿ ಹೆಂಡತಿಯ ಗೆಳತಿಯರೆದುರು ಪುಸ್ತಕ ತೆಗೆದು, ಮ್ಯಾಥ್ಯೂ ಆರ್ನಲ್ಡನ ‘ಡೋವರ್ ಬೀಚ್’ ಕವಿತೆ ಓದುತ್ತಾನೆ. ಒಬ್ಬಾಕೆ ಬಿಕ್ಕಿ ಬಿಕ್ಕಿ ಅಳುತ್ತಾಳೆ, ಇನ್ನೊಬ್ಬಳು ಉಗಿದು ಹೋಗುತ್ತಾಳೆ. ದೂರು ಕೊಡುವವರಲ್ಲಿ ಕಟ್ಟಿಕೊಂಡ ಹೆಂಡತಿಯೂ ಒಬ್ಬಳು. ಬೆಂಕಿಯ ಕೊಳವೆ ಕೊನೆಗೆ ಅವನ ಸ್ವಂತ ಮನೆಯ ಮೇಲೇ ತಿರುಗುತ್ತದೆ.

ಬೀಟಿ ಹೇಳಿದ ಆ ಕತ್ತರಿ ಈ ಪುಸ್ತಕವನ್ನೂ ಬಿಡಲಿಲ್ಲ. 1967ರಲ್ಲಿ ಪ್ರಕಾಶಕರು ಶಾಲೆಗಳಿಗೆಂದು ತಂದ ಆವೃತ್ತಿಯಲ್ಲಿ, ಲೇಖಕರಿಗೂ ತಿಳಿಸದೆ, ಸುಮಾರು 75 ಕಡೆ ಕೈಯಾಡಿಸಿದ್ದರು. ಬೈಗುಳ ಮಾಯ; ಕುಡುಕನೊಬ್ಬ ಕಾಯಿಲೆಯವನಾಗಿದ್ದ. ಆಮೇಲೆ ಕೆಲವು ವರ್ಷ ಮಾರಾಟವಾದದ್ದು ಅದೊಂದೇ. ಬ್ರಾಡ್ಬರಿಗೆ ಇದು ಗೊತ್ತಾದದ್ದು ವಿದ್ಯಾರ್ಥಿಗಳು ಬರೆದ ಪತ್ರಗಳಿಂದ. ಆಮೇಲೆ ಒಂದಕ್ಷರವೂ ಬಿಡದಂತೆ ಮೂಲವನ್ನೇ ಮತ್ತೆ ಅಚ್ಚು ಹಾಕಿಸಿದರು.