ಟಾಪ್ ಸ್ಪೀಡ್ ಬಿಡಿ, ಸ್ಪೇರ್ ಪಟ್ಟಿ ನೋಡಿ: ಮಿನಿ ಆರ್‌ಸಿ ಕಾರಲ್ಲಿ ಬಜೆಟ್ಟೋ, ಪ್ರೀಮಿಯಮ್ಮೋ?

ನಮಸ್ಕಾರ. ಅಗ್ಗದ ಮಿನಿ ಆರ್‌ಸಿ (ರಿಮೋಟ್‌ನಲ್ಲಿ ಓಡಿಸೋ) ಕಾರು ತಗೊಂಡು, ಒಂದೊಂದೇ ಪಾರ್ಟ್ ಬದಲಾಯಿಸ್ತಾ ಹೋದ್ರೆ ಕೊನೆಗೆ ಅದು ದುಬಾರಿ ಕಾರಿಗೆ ಸಮ ಆಗುತ್ತೆ ಅನ್ನೋ ಮಾತು ಈ ಹವ್ಯಾಸದವರ ನಡುವೆ ತುಂಬಾ ಓಡಾಡುತ್ತೆ. ಅದು ಅರ್ಧ ನಿಜ. ಟೈರು, ಬೇರಿಂಗು, ಬ್ಯಾಟರಿ, ಮೋಟರು, ಇವನ್ನೆಲ್ಲ ಬದಲಾಯಿಸಬಹುದು. ಆದ್ರೆ ಸ್ಟೀರಿಂಗ್ ಮತ್ತು ಅದನ್ನ ನಡೆಸೋ ಸರ್ಕ್ಯೂಟ್ ಬೋರ್ಡ್ ಹತ್ರ ಬಂದಾಗ ಲೆಕ್ಕ ಕೈಕೊಡುತ್ತೆ. ಬಜೆಟ್ ಕಾರಿಗೂ ಪ್ರೀಮಿಯಂ ಕಾರಿಗೂ ಇರೋ ಅಂತರ ಅಲ್ಲಿರೋದು, ವೇಗದಲ್ಲಿ ಅಲ್ಲ.

ವೇಗದ ವಿಷಯ ಮೊದಲೇ ಮುಗಿಸಿಬಿಡೋಣ. 1/28 ಅಳತೆಯ (ಅಸಲಿ ಕಾರಿನ 28ನೇ ಒಂದು ಭಾಗದಷ್ಟು ಉದ್ದದ) ಬಜೆಟ್ ಕಾರುಗಳ ಡಬ್ಬದ ಮೇಲೆ ಗಂಟೆಗೆ 30 ಕಿ.ಮೀ. ಅಂತ ಬರೆದಿರೋದು ಮಾಮೂಲು. ಅಂದ್ರೆ ಸೆಕೆಂಡಿಗೆ 8.3 ಮೀಟರ್. 5 ಮೀಟರ್ ಉದ್ದದ ಹಾಲ್ ದಾಟೋಕೆ 0.6 ಸೆಕೆಂಡ್ ಸಾಕು. ಗೋಡೆ ಹತ್ರ ಬಂತು ಅಂತ ಕಣ್ಣಿಗೆ ಕಂಡು ಬೆರಳು ಅಲುಗೋಕೇ ಸುಮಾರು ಕಾಲು ಸೆಕೆಂಡ್ ಬೇಕು, ಅಷ್ಟರಲ್ಲಿ ಕಾರು 2 ಮೀಟರ್ ಮುಂದೆ ಹೋಗಿರುತ್ತೆ. ಮನೆಯೊಳಗೆ ಈ ವೇಗ ಬಳಸೋಕೆ ಜಾಗವೇ ಇರಲ್ಲ. ಹಾಗಾಗಿ ಎರಡು ಕಾರುಗಳ ಟಾಪ್ ಸ್ಪೀಡ್ ಪಕ್ಕಪಕ್ಕ ಇಟ್ಟು ಹೋಲಿಸೋ ವಿಡಿಯೋಗಳಿಂದ ಕೊಳ್ಳೋರಿಗೆ ಏನೂ ಉಪಯೋಗ ಇಲ್ಲ.

ಸ್ಟೀರಿಂಗ್ ತಿರುಗಿಸಿದ್ರೆ ಪೂರ್ತಿ ಎಡ ಇಲ್ಲಾ ಪೂರ್ತಿ ಬಲ, ನಡುವೆ ಏನೂ ಇಲ್ಲ ಅನ್ನೋ ಕಾರುಗಳು ಆಟಿಕೆಗಳು, ಅವು ಈ ಮಾತಿಗೆ ಬರಲ್ಲ. ರಿಮೋಟಿನ ಸ್ಟೀರಿಂಗ್ ಎಷ್ಟು ತಿರುಗಿಸ್ತೀವೋ ಕಾರಿನ ಚಕ್ರವೂ ಅಷ್ಟೇ ತಿರುಗೋ ಪ್ರೊಪೋರ್ಷನಲ್ ಕಾರುಗಳ ಬಗ್ಗೆ ಹೇಳ್ತಿರೋದು. ಬಜೆಟ್ ಕಡೆಗೆ ಡಬ್ಲ್ಯುಎಲ್‌ಟಾಯ್ಸ್‌ನ 1/28 ಕಾರುಗಳು, ಪ್ರೀಮಿಯಂ ಕಡೆಗೆ 1999ರಿಂದ ಬರ್ತಿರೋ ಕ್ಯೋಶೋ ಮಿನಿ-ಝಡ್. ಸದ್ಯಕ್ಕೆ ಈ ಎರಡನ್ನ ಮನಸ್ಸಲ್ಲಿ ಇಟ್ಕೊಳ್ಳಿ.

ಯಾವುದೇ ಕಾರು ಕೈಗೆ ಬಂದ ತಕ್ಷಣ ಮಾಡಬೇಕಾದ ಪರೀಕ್ಷೆ ಒಂದಿದೆ. ನುಣುಪಾದ ನೆಲದ ಮೇಲೆ ಟ್ರಿಮ್ (ಸ್ಟೀರಿಂಗಿನ ಸೆಂಟರ್ ಹೊಂದಿಸೋ ರಿಮೋಟಿನ ಗುಂಡಿ) ಸರಿಮಾಡಿ, ಕಾರು ನೇರ ಹೋಗೋ ಹಾಗೆ ಮಾಡಿ. ಈಗ ಕಾರು ನಿಂತಿರುವಾಗಲೇ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಕೈಬಿಡಿ, ಆಮೇಲೆ ನಿಧಾನವಾಗಿ ಮೂರು ಮೀಟರ್ ಓಡಿಸಿ. ವಾಪಸ್ ತಂದು, ಪೂರ್ತಿ ಬಲಕ್ಕೆ ತಿರುಗಿಸಿ ಬಿಟ್ಟು ಮತ್ತೆ ಅಷ್ಟೇ ದೂರ ಓಡಿಸಿ. ಎಡಕ್ಕೆ ತಿರುಗಿಸಿ ಬಿಟ್ಟಾಗ ಎಡಕ್ಕೆ, ಬಲಕ್ಕೆ ತಿರುಗಿಸಿ ಬಿಟ್ಟಾಗ ಬಲಕ್ಕೆ ಎಳೀತಿದ್ರೆ, ಚಕ್ರ ಸೆಂಟರ್‌ಗೆ ಪೂರ್ತಿ ವಾಪಸ್ ಬರ್ತಿಲ್ಲ ಅಂತ ಅರ್ಥ. ಇದಕ್ಕೆ ಟ್ರಿಮ್ ತಿರುಗಿಸ್ತಾ ಕೂತ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಂದು ಕಡೆ ಸರಿಹೋದಷ್ಟೂ ಇನ್ನೊಂದು ಕಡೆ ಹೆಚ್ಚು ಎಳೆಯುತ್ತೆ.

ಕಾರಣ ಹುಡುಕೋದು ಹೀಗೆ. ಕಾರು ಆನ್ ಇರಲಿ. ಮುಂದಿನ ಚಕ್ರ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ, ಕಣ್ಣು ಸರ್ವೋ (ಸ್ಟೀರಿಂಗ್ ತಿರುಗಿಸೋ ಪುಟ್ಟ ಮೋಟರ್ ಘಟಕ) ಆರ್ಮ್ ಮೇಲಿರಲಿ. ಚಕ್ರ ಅಲುಗಿ ಆರ್ಮ್ ಅಲುಗದಿದ್ರೆ ಸಡಿಲ ಇರೋದು ಟೈ ರಾಡ್‌ನಲ್ಲೋ (ಸ್ಟೀರಿಂಗನ್ನ ಮುಂದಿನ ಚಕ್ರಗಳಿಗೆ ಸೇರಿಸೋ ಕಡ್ಡಿ) ನಕಲ್‌ನಲ್ಲೋ (ಚಕ್ರ ಕೂತಿರೋ, ಅದರ ಜೊತೆ ತಿರುಗೋ ತುಂಡು). ಆರ್ಮ್ ಕೂಡ ಜೊತೆಗೆ ಅಲುಗಿದ್ರೆ ಸರ್ವೋ ಸೇವರ್ (ಚಕ್ರದ ಪೆಟ್ಟು ಸರ್ವೋಗೆ ತಗುಲದ ಹಾಗೆ ತಡೆಯೋ ಸ್ಪ್ರಿಂಗ್ ಭಾಗ) ಮೆತ್ತಗಿದೆ, ಇಲ್ಲಾ ಸರ್ವೋ ಗೇರ್‌ಗಳ ನಡುವೆ ಸಡಿಲ ಇದೆ. ಎಲ್ಲೂ ಸಡಿಲ ಇಲ್ದೆ ಸೆಂಟರ್‌ಗೆ ಬರ್ತಿಲ್ಲ ಅಂದ್ರೆ ಎಲ್ಲೋ ಬಿಗಿ ಇದೆ. ನಕಲ್ ಸ್ಕ್ರೂ ಕಾಲು ಸುತ್ತು ಬಿಚ್ಚಿ ನೋಡಿ, ಬಜೆಟ್ ಕಾರುಗಳಲ್ಲಿ ಅಷ್ಟಕ್ಕೇ ಎಷ್ಟೋ ಸಲ ಸರಿಹೋಗುತ್ತೆ.

ಸರ್ವೋದಲ್ಲೇ ತೊಂದರೆ ಇದ್ರೆ ಮಾತ್ರ ಕಷ್ಟ. ಮಾಮೂಲಿ ಸರ್ವೋಗೆ ಮೂರು ತಂತಿ: ಪ್ಲಸ್, ಮೈನಸ್, ಸಿಗ್ನಲ್. ಅದನ್ನ ನಡೆಸೋ ಸರ್ಕ್ಯೂಟ್ ಸರ್ವೋ ಒಳಗೇ ಇರುತ್ತೆ. ಎಷ್ಟೋ ಬಜೆಟ್ ಮಿನಿಗಳಲ್ಲಿ ಐದು ತಂತಿ ಇರುತ್ತೆ: ಎರಡು ಮೋಟರ್‌ಗೆ, ಮೂರು ಪೊಟೆನ್ಶಿಯೋಮೀಟರ್‌ಗೆ (ಸರ್ವೋ ಎಷ್ಟು ತಿರುಗಿದೆ ಅಂತ ತಿಳಿಸೋ ಭಾಗ). ಸರ್ವೋ ನಡೆಸೋ ಸರ್ಕ್ಯೂಟ್, ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರ್, ಮೋಟರಿನ ವೇಗ ನಿಯಂತ್ರಿಸೋ ಇಎಸ್‌ಸಿ ಮೂರೂ ಒಂದೇ ಬೋರ್ಡ್‌ನಲ್ಲಿ ಕೂತಿರುತ್ತೆ. ಅಂದ್ರೆ ಒಳ್ಳೆ ಮೂರು ತಂತಿ ಸರ್ವೋ ತಂದು ಸಿಕ್ಕಿಸೋಕಾಗಲ್ಲ. ಹಾಕಲೇಬೇಕು ಅಂದ್ರೆ ರಿಸೀವರ್ ಬೇಕು, ಇಎಸ್‌ಸಿ ಬೇಕು, ಹೊಸ ರಿಸೀವರ್‌ಗೆ ಹೊಂದೋ ರಿಮೋಟೂ ಬೇಕು. ಇಷ್ಟೆಲ್ಲ ಕೂಡಿಸಿದಾಗ ಮೂಗಿಗಿಂತ ಮೂಗುತಿ ಭಾರ, ಮೊದಲೇ ಪ್ರೀಮಿಯಂ ತಗೋಬಹುದಿತ್ತು.

ಹಾಗಂತ ಪ್ರೀಮಿಯಂ ಕಾರಲ್ಲಿ ಎಲ್ಲಾ ಬಿಡಿಬಿಡಿಯಾಗಿರುತ್ತೆ ಅಂದ್ಕೋಬೇಡಿ. ಮಿನಿ-ಝಡ್ ಎಂಆರ್-03ರಲ್ಲೂ ಸರ್ವೋ ಮೋಟರು, ಪೊಟೆನ್ಶಿಯೋಮೀಟರು ನೇರವಾಗಿ ಮುಖ್ಯ ಬೋರ್ಡ್‌ಗೇ ಸೇರಿರುತ್ತೆ. ವ್ಯತ್ಯಾಸ ಏನು ಅಂದ್ರೆ, ಅಲ್ಲಿ ಸರ್ವೋ ಗೇರ್ ಸವೆದ್ರೆ ಗೇರ್ ಸೆಟ್ ಒಂದನ್ನೇ ತರಿಸಬಹುದು. ಮುಂದಿನ ಸ್ಪ್ರಿಂಗ್ ಗಟ್ಟಿಯದು ಬೇಕಾ, ಮೆತ್ತಂದು ಬೇಕಾ, ಎರಡೂ ಸಿಗುತ್ತೆ. ರಿಮೋಟ್‌ನಲ್ಲಿ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಬೇರೆಬೇರೆಯಾಗಿ ಮಿತಿ ಹಾಕೋಕೆ ಬೇಕು ಅಂದ್ರೆ ಅಂಥ ರಿಮೋಟ್‌ಗೆ ಹೊಂದೋ ಚಾಸಿಯೂ ಸಿಗುತ್ತೆ. ಬಜೆಟ್ ರಿಮೋಟ್‌ನಲ್ಲಿ ಬಹುಪಾಲು ಟ್ರಿಮ್ ಮತ್ತು ಡ್ಯುಯಲ್ ರೇಟ್ (ಎರಡೂ ಕಡೆಯ ತಿರುವನ್ನ ಒಟ್ಟಿಗೆ ಹೆಚ್ಚುಕಮ್ಮಿ ಮಾಡೋದು), ಅಲ್ಲಿಗೆ ಮುಗೀತು. ಒಂದೇ ತಿರುವನ್ನ ಐವತ್ತು ಸಲ ಒಂದೇ ಥರ ತಗೋಬೇಕು ಅನ್ನೋ ಟ್ರ್ಯಾಕ್ ಓಟಗಾರರಿಗೆ ಇದೇ ದುಡ್ಡಿನ ಬೆಲೆ.

ಪ್ರೀಮಿಯಂ ಕೊಳ್ಳೋರು ಮೋಸ ಹೋಗೋ ಜಾಗವೂ ಇದೆ. ರೆಡಿಸೆಟ್ (ಕಾರು, ರಿಮೋಟ್ ಎರಡೂ ಸೇರಿದ್ದು) ಅಂತ ಬರೋ ಡಬ್ಬದಲ್ಲಿ ಬಾಲ್ ಬೇರಿಂಗ್ ಬದಲು ಬುಷ್ (ಒಳಗೆ ಗುಂಡುಗಳಿಲ್ಲದ ಬರೀ ಬಳೆ) ಇರಬಹುದು. ದುಡ್ಡು ಜಾಸ್ತಿ ಕೊಟ್ಟಿದ್ದೀವಿ, ಬೇರಿಂಗ್ ಇದ್ದೇ ಇರುತ್ತೆ ಅಂತ ನಂಬಬೇಡಿ. ಪೂರ್ತಿ ಸೆಟ್ ಬದಲಾಯಿಸೋಕೆ ಹೊರಟ್ರೆ ಹಳೆ ಬುಷ್ಷಿನ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಕ್ಯಾಲಿಪರ್‌ನಲ್ಲಿ ಅಳೆಯಿರಿ, ಅಂಚಿಗೆ ಹೊರಚಾಚಿದ ಪಟ್ಟಿ (ಫ್ಲ್ಯಾಂಜ್) ಇದೆಯಾ ಅಂತಲೂ ನೋಡಿ. ಬಾಡಿ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ಮಿನಿ-ಝಡ್‌ನಲ್ಲಿ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ಅಂತರ) 90, 94, 98, 102 ಮಿ.ಮೀ. ಅಂತ ಬೇರೆಬೇರೆ ಇದೆ, ಚಕ್ರದ ಆಫ್‌ಸೆಟ್ (ಚಕ್ರ ಎಷ್ಟು ಹೊರಗೆ ಇಲ್ಲಾ ಒಳಗೆ ಕೂರುತ್ತೆ ಅನ್ನೋದು) ಕೂಡ ಬಾಡಿಗೆ ತಕ್ಕಂತೆ ಬದಲಾಗುತ್ತೆ. ಚೆಂದ ಕಂಡ ಬಾಡಿ ತಂದು, ಟೈರು ಅಂಚಿಗೆ ಉಜ್ಜುತ್ತೆ ಅಂತ ಪರದಾಡೋರು ಕಮ್ಮಿ ಇಲ್ಲ.

ಬಜೆಟ್ ಕಾರಿಗೆ ಮೊದಲ ಖರ್ಚು ಯಾವುದು ಅಂದ್ರೆ ಟೈರು. ಡಬ್ಬದಲ್ಲಿ ಬರೋ ರಬ್ಬರ್ ಗಟ್ಟಿ ಇದ್ರೆ ಟೈಲ್ಸ್ ಮೇಲೆ ಹಿಂಭಾಗ ಜಾರಿ ಗಿರ್‍ರನೆ ಸುತ್ತುತ್ತೆ. ಮೊದಲು ಹಿಂದಿನ ಎರಡಕ್ಕೆ ಮೆತ್ತನೆ ಟೈರ್ ಹಾಕಿ, ರಿಮ್‌ಗೆ ತೆಳ್ಳನೆ ಟೈರ್ ಟೇಪ್ ಸುತ್ತಿ ಕೂರಿಸಿ. ಮುಂದಕ್ಕೂ ಅಷ್ಟೇ ಮೆತ್ತಂದು ಹಾಕಿದ್ರೆ ಹಿಡಿತ ಜಾಸ್ತಿಯಾಗಿ ತಿರುವಲ್ಲಿ ಪಲ್ಟಿ ಹೊಡೆಯೋ ಸಾಧ್ಯತೆ ಇದೆ. ಎರಡನೇ ಖರ್ಚು ಬೇರಿಂಗ್. ಅಲ್ಯೂಮಿನಿಯಂ ಪಾರ್ಟ್ಸ್ ಕೊನೆಗೆ, ಅದೂ ಬೇಕಾದ್ರೆ ಮಾತ್ರ. ಚಕ್ರ ಹಿಡಿದಿರೋ ಪ್ಲಾಸ್ಟಿಕ್ ಆರ್ಮ್ ಪೆಟ್ಟು ಬಿದ್ದಾಗ ಬಾಗುತ್ತೆ, ಹೆಚ್ಚೆಂದ್ರೆ ತಾನೇ ಮುರಿಯುತ್ತೆ. ಅಲ್ಯೂಮಿನಿಯಂ ಆರ್ಮ್ ಅಷ್ಟು ಸುಲಭವಾಗಿ ಬಾಗಲ್ಲ, ಪೆಟ್ಟನ್ನ ಚಾಸಿಗೆ ದಾಟಿಸುತ್ತೆ, ಚಾಸಿಯ ಸ್ಕ್ರೂ ತೂತು ಸೀಳಿಹೋಗಬಹುದು. ಫಳಫಳ ಹೊಳೆಯುತ್ತೆ ಅನ್ನೋದು ಬಿಟ್ರೆ ಭಾರ ಹೆಚ್ಚಿದ್ದಷ್ಟೇ ಲಾಭ.

ಮೋಟರ್ ಬದಲಾಯಿಸೋ ಆಸೆ ಇದ್ರೆ ಬೋರ್ಡ್ ನೆನಪಿರಲಿ. ಒಳಗೆ ತಂತಿಯ ಸುತ್ತು ಕಮ್ಮಿ ಇರೋ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತೆ, ಬೋರ್ಡಿನ ಫೆಟ್ (ಮೋಟರ್‌ಗೆ ಕರೆಂಟ್ ಬಿಡೋ ಟ್ರಾನ್ಸಿಸ್ಟರ್) ಸುಟ್ಟುಹೋಗಬಹುದು. ಬಜೆಟ್ ಆಗಲಿ ಪ್ರೀಮಿಯಂ ಆಗಲಿ, ಬ್ರಶ್ಡ್ ಮೋಟರ್ ನಡೆಸೋ ಬೋರ್ಡ್‌ಗಳಿಗೆಲ್ಲ ಇದೇ ಗತಿ. ಪಿನಿಯನ್‌ಗೆ (ಮೋಟರ್ ತುದಿಯ ಪುಟ್ಟ ಗೇರ್) ಒಂದು ಹಲ್ಲು ಹೆಚ್ಚಿಸಿದ್ರೂ ಐದು ನಿಮಿಷ ಓಡಿಸಿ ಮೋಟರ್ ಮುಟ್ಟಿ ನೋಡಿ. ಮೂರು ಸೆಕೆಂಡ್ ಬೆರಳು ಇಡೋಕಾಗದಿದ್ರೆ ಹಳೆ ಪಿನಿಯನ್ನೇ ವಾಪಸ್ ಹಾಕಿ. ಏನೂ ಬದಲಾಯಿಸದೆಯೂ ಬಿಸಿ ಆಗ್ತಿದ್ರೆ ಆಕ್ಸಲ್ ನೋಡಿ, ತಲೆಕೂದಲೋ ಕಾರ್ಪೆಟ್ ನೂಲೋ ಸುತ್ತಿಕೊಂಡಿರುತ್ತೆ, ಚಿಮಟದಲ್ಲಿ ಎಳೆದು ತೆಗೀರಿ.

ಬ್ಯಾಟರಿಯಲ್ಲಿ ಎರಡರ ದಾರಿಯೂ ಬೇರೆ. ಮಿನಿ-ಝಡ್‌ಗೆ ನಾಲ್ಕು ಎಎಎ ಸೆಲ್, ನಿಕಲ್ ಮೆಟಲ್ ಹೈಡ್ರೈಡ್ ಆದ್ರೆ ಒಟ್ಟು 4.8 ವೋಲ್ಟ್. ಆಲ್ಕಲೈನ್ ಸೆಲ್ ಮೇಲೆ 1.5 ವೋಲ್ಟ್ ಅಂತಿದ್ರೂ ಆಕ್ಸಿಲರೇಟರ್ ಒತ್ತಿದಾಗ ಅದರ ವೋಲ್ಟೇಜ್ ಕುಸಿಯುತ್ತೆ, ಕಾರು ಮಂಕಾಗುತ್ತೆ. 1/28 ಬಜೆಟ್ ಕಾರಿಗೆ ಬಹುಪಾಲು 2ಎಸ್ ಲಿಪೋ (ಸಾಲಾಗಿ ಸೇರಿಸಿದ ಎರಡು ಲಿಥಿಯಂ ಪಾಲಿಮರ್ ಸೆಲ್), 7.4 ವೋಲ್ಟ್. 400 ಎಂಎಎಚ್ ಆದ್ರೆ 0.4 ಆಂಪ್‌ನಲ್ಲಿ ಚಾರ್ಜ್ ಮಾಡಿ, ಸೆಲ್‌ಗೆ 4.2 ವೋಲ್ಟ್ ದಾಟಬಾರದು. ವೋಲ್ಟೇಜ್ ಇಳಿದಾಗ ತಾವೇ ನಿಲ್ಲದ ಬಜೆಟ್ ಕಾರುಗಳೂ ಇವೆ. ಸೆಲ್‌ಗೆ 3.2 ಬಂದಾಗ ನೀವೇ ನಿಲ್ಲಿಸಬೇಕು. ವಾರಗಟ್ಟಲೆ ಓಡಿಸಲ್ಲ ಅಂದ್ರೆ 3.8ರ ಆಸುಪಾಸಿನಲ್ಲಿ ಎತ್ತಿಡಿ. ಊದಿಕೊಂಡ ಪ್ಯಾಕನ್ನ ಮತ್ತೆ ಚಾರ್ಜ್‌ಗೆ ಹಾಕೋ ಸಾಹಸ ಬೇಡ.

ಇನ್ನು ಕ್ರಾಲರ್ ಕಥೆಯೇ ಬೇರೆ. ಆಕ್ಸಿಯಲ್ ಎಸ್‌ಸಿಎಕ್ಸ್24 ಥರದ 1/24 ಕಲ್ಲು ಹತ್ತೋ ಕಾರುಗಳಲ್ಲಿ ವೇಗವೇ ಇಲ್ಲ, ಹಾಗಾಗಿ ಸ್ಟೀರಿಂಗ್ ಸಡಿಲ ಅಷ್ಟಾಗಿ ಕಾಡಲ್ಲ. ಇಲ್ಲಿ ಬಜೆಟ್ ಕಾರು ಧೈರ್ಯವಾಗಿ ತಗೋಬಹುದು. ನೋಡಬೇಕಾದ್ದು ಒಂದೇ: ಆಕ್ಸಿಲರೇಟರ್ ಕೂದಲೆಳೆಯಷ್ಟು ಒತ್ತಿದಾಗ ಚಕ್ರ ಮೆಲ್ಲಗೆ ಉರುಳುತ್ತಾ, ಇಲ್ಲಾ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಆಮೇಲೆ ಒಮ್ಮೆಲೇ ಜಿಗಿಯುತ್ತಾ? ಜಿಗಿಯೋ ಇಎಸ್‌ಸಿ ಇದ್ರೆ ಕಲ್ಲಿನ ಮೇಲೆ ಸಮತೋಲನ ಕೆಡುತ್ತೆ. ಚಕ್ರದೊಳಗೆ ಹಿತ್ತಾಳೆ ತೂಕ ಹಾಕಿದ್ರೆ ಭಾರ ಕೆಳಗಿಳಿದು ಹತ್ತೋದು ಸುಲಭ ಆಗುತ್ತೆ. ಮುಂದಿನ ಚಕ್ರಗಳಿಗೆ ಮೊದಲು ಹಾಕಿ.

ಈಗ ಕೊಳ್ಳೋ ಹೊತ್ತಿಗೆ ಬನ್ನಿ. ಕಾರ್ಟ್‌ಗೆ ಹಾಕೋ ಮೊದಲು ಆ ಮಾಡೆಲ್ ನಂಬರ್ ಹಾಕಿ ಐದು ಪಾರ್ಟ್ ಹುಡುಕಿ: ಮುಂದಿನ ನಕಲ್, ಟೈ ರಾಡ್, ಡಿಫರೆನ್ಷಿಯಲ್, ಸರ್ವೋ ಅಥವಾ ಅದರ ಗೇರ್, ರಿಸೀವರ್ ಬೋರ್ಡ್. ಐದೂ ಬಿಡಿಯಾಗಿ ಸ್ಟಾಕ್‌ನಲ್ಲಿದ್ರೆ ಅಗ್ಗದ ಕಾರನ್ನೂ ಕಣ್ಣುಮುಚ್ಚಿ ತಗೊಳ್ಳಿ. ನಕಲ್, ಟೈ ರಾಡ್ ಸಿಗಲಿಲ್ಲ ಅಂದ್ರೆ ಎಷ್ಟೇ ಡಿಸ್ಕೌಂಟ್ ಇದ್ರೂ ಬೇಡ, ಗೋಡೆಗೆ ಗುದ್ದಿದಾಗ ಮೊದಲು ಹೋಗೋದು ಅವೇ. ನಿಮ್ಮ ಹತ್ತಿರ ಟ್ರ್ಯಾಕ್ ಇದ್ದು, ಅಲ್ಲಿ ಒಂದೇ ಚಾಸಿಯವರ ಗುಂಪು ಓಡಿಸ್ತಿದ್ರೆ ಬಜೆಟ್ ಯೋಚನೆ ಬಿಟ್ಟು ಅದೇ ಚಾಸಿ ತಗೊಳ್ಳಿ. ಪೂರ್ತಿ ದುಡ್ಡು ಇಲ್ಲ ಅಂದ್ರೆ ಅದರ ಸೆಕೆಂಡ್ ಹ್ಯಾಂಡ್ ಹುಡುಕಿ, ಬ್ಯಾಟರಿ ಮುಚ್ಚಳ ತೆಗೆದು ಸೆಲ್‌ಗೆ ತಾಗೋ ಲೋಹದ ಪಟ್ಟಿಗಳ ಮೇಲೆ ಹಸಿರು ಕಿಲುಬು ಇದೆಯಾ, ಸ್ಕ್ರೂ ತಲೆಗಳು ಸವೆದಿವೆಯಾ ಅಂತ ನೋಡಿಯೇ ದುಡ್ಡು ಕೊಡಿ.