ಪಟ ನೋಡಿ ಗುಲಾಬಿ ಕೊಳ್ಳುವವರಿಗೆ

ಅಧ್ಯಕ್ಷರೇ, ಕೈತೋಟದ ಗೆಳೆಯರೇ, ಗೆಳತಿಯರೇ,

ಹೊಸ ಗುಲಾಬಿ ತಳಿಗಳ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನೊಂದು ಷರತ್ತು ಹಾಕಿದೆ: ಪರದೆಯ ಮೇಲೆ ಒಂದೇ ಒಂದು ಹೂವಿನ ಚಿತ್ರವನ್ನೂ ತೋರಿಸುವುದಿಲ್ಲ. ಹಿಂದಿನ ಸಾಲಿನಲ್ಲಿ ಕೆಲವರ ಮುಖ ಸಪ್ಪಗಾದದ್ದು ಇಲ್ಲಿಂದಲೇ ಕಾಣುತ್ತಿದೆ. ಏನು ಮಾಡಲಿ? ಚಿತ್ರ ತೋರಿಸಿದರೆ ನೀವು ಹೆಸರು ಬರೆದುಕೊಳ್ಳುತ್ತೀರಿ, ಜನವರಿಯಲ್ಲಿ ಲಾಲ್‌ಬಾಗ್ ಪ್ರದರ್ಶನಕ್ಕೆ ಹೋಗಿ ಆ ಗಿಡವನ್ನೇ ಹುಡುಕಿ ತರುತ್ತೀರಿ, ಮಳೆಗಾಲ ಮುಗಿಯುವಷ್ಟರಲ್ಲಿ ನನಗೆ ಫೋನ್ ಮಾಡುತ್ತೀರಿ. ಹೂವು ನಾಲ್ಕು ದಿನ ಇದ್ದು ಹೋಗುತ್ತದೆ. ವರ್ಷವಿಡೀ ನಿಮ್ಮ ಜೊತೆ ಸಂಸಾರ ಮಾಡುವುದು ಎಲೆ. ತಳಿಯನ್ನು ಎಲೆ ನೋಡಿ ಆರಿಸಿ ಎಂಬುದಷ್ಟೇ ನನ್ನ ವಾದ.

ಅದಕ್ಕೇ ಎಲೆಯೊಂದನ್ನು ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಆ ಕಪ್ಪು ಚುಕ್ಕೆಯ ಅಂಚನ್ನು ಗಮನಿಸಿ. ಅದು ನುಣುಪಾಗಿಲ್ಲ, ಒದ್ದೆ ಕಾಗದದ ಮೇಲೆ ಬಿದ್ದ ಮಸಿಯ ಹಾಗೆ ಸುತ್ತಲೂ ಎಳೆ ಎಳೆಯಾಗಿ ಹರಡಿದೆ. ಅದರ ಸುತ್ತ ಹಳದಿ. ಬೆರಳು ತಗುಲಿದರೆ ಸಾಕು, ಇಂಥ ಎಲೆ ಕಳಚಿ ಬೀಳುತ್ತದೆ. ಕಪ್ಪು ಚುಕ್ಕೆ ರೋಗ ಬುಡದ ಎಲೆಗಳಲ್ಲಿ ಶುರುವಾಗಿ ಮೇಲೇರುತ್ತದೆ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಶಿಲೀಂಧ್ರದ ಬೀಜಕಣ ಮೊಳೆತು ಒಳಗಿಳಿಯುತ್ತದೆ. ಸಂಜೆ ಪೈಪು ಹಿಡಿದು ಗಿಡಕ್ಕೆ ತಲೆಸ್ನಾನ ಮಾಡಿಸುವ ಮಹನೀಯರು ಈ ಸಭೆಯಲ್ಲಿ ಇದ್ದಾರೆ. ಹೆಸರು ಹೇಳುವುದಿಲ್ಲ.

ಈ ರೋಗ ಇಷ್ಟು ಮನೆಮಾತಾಗುವುದಕ್ಕೆ ಒಂದು ಬಣ್ಣದ ಮೋಹವೂ ಕಾರಣ. ಫ್ರಾನ್ಸಿನ ಲಿಯೋನ್ ಊರಿನ ಪೆರ್ನೆ ದ್ಯೂಶೆ 1900ರಲ್ಲಿ 'ಸೊಲೇ ದೋರ್' ಎಂಬ ತಳಿಯನ್ನು ಹೊರತಂದರು. ಕಡು ಹಳದಿಗಾಗಿ ಅವರು ಪರ್ಷಿಯನ್ ಹಳದಿ ಗುಲಾಬಿಯ ರಕ್ತ ಬೆರೆಸಿದ್ದರು. ಇಂದು ನಮ್ಮ ಕುಂಡಗಳಲ್ಲಿರುವ ಹಳದಿ, ಕಿತ್ತಳೆ, ಎರಡು ಬಣ್ಣದ ಹೂಗಳಲ್ಲಿ ಬಹುಪಾಲು ಆ ವಂಶದವು. ಬಣ್ಣದ ಜೊತೆಗೆ ಕಪ್ಪು ಚುಕ್ಕೆಗೆ ಬೇಗ ಸೋಲುವ ಗುಣವೂ ವರದಕ್ಷಿಣೆಯಾಗಿ ಬಂತು. ಆಮೇಲಿನ ನೂರು ವರ್ಷ ತಳಿ ಮಾಡುವವರು ಹೂ ನೋಡಿದರು, ಔಷಧಿ ಮಾರುವವರು ಎಲೆ ನೋಡಿದರು!

ಇನ್ನು ನನಗೆ ಬಹಳ ಇಷ್ಟವಾದ ಕಥೆ. ಕೆಲವರು ಇದನ್ನು ನನ್ನ ಬಾಯಲ್ಲೇ ಕೇಳಿರಬಹುದು, ಸಹಿಸಿಕೊಳ್ಳಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿಲಿಯಂ ರಾಡ್ಲರ್ ಎಂಬವರು ಸಸ್ಯೋದ್ಯಾನವೊಂದರ ನಿರ್ದೇಶಕರಾಗಿದ್ದರು. ಗುಲಾಬಿಯ ಮೇಲೆ ಪ್ರಾಣ, ಔಷಧಿ ಹೊಡೆಯುವುದೆಂದರೆ ಬೇಸರ. ಮನೆಯ ನೆಲಮಾಳಿಗೆಯಲ್ಲಿ ದೀಪದ ಕೆಳಗೆ ಸಸಿ ಎಬ್ಬಿಸುತ್ತಿದ್ದರು. ತಳಿ ಮಾಡುವವರು ಸಾಮಾನ್ಯವಾಗಿ ಸಸಿಗಳನ್ನು ರೋಗದಿಂದ ಕಾಪಾಡುತ್ತಾರೆ. ಈ ಮನುಷ್ಯ ಮಾಡಿದ್ದು ತದ್ವಿರುದ್ಧ. ಕಪ್ಪು ಚುಕ್ಕೆ ಹತ್ತಿದ ಎಲೆಗಳನ್ನು ಹುಡುಕಿ ತಂದರು, ಒಣಗಿಸಿದರು, ಮಿಕ್ಸಿಯಲ್ಲಿ ಪುಡಿ ಮಾಡಿದರು, ಆ ಪುಡಿಯನ್ನು ತಮ್ಮ ಸಸಿಗಳ ಮೇಲೇ ಉದುರಿಸಿ ನೀರು ಚಿಮುಕಿಸಿದರು. ನಮ್ಮ ಮನೆಗಳಲ್ಲಾದರೆ ಚಟ್ನಿಪುಡಿಯ ಜಾರಿನ ಬಗ್ಗೆ ಮೊದಲು ರಾಮಾಯಣವಾಗುತ್ತಿತ್ತು. ಸಾಯುವುದು ಸಾಯಲಿ, ಉಳಿದದ್ದು ನನ್ನದು ಎಂಬ ಧೋರಣೆ. ಹಾಗೆ ಉಳಿದ ಒಂದು ಸಸಿ 2000ದಲ್ಲಿ 'ನಾಕ್ ಔಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, ಅಮೆರಿಕದಲ್ಲಿ ಬೀದಿ ಬೀದಿಯ ಗಿಡವಾಯಿತು, 2018ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಗೌರವಪಟ್ಟಿಗೂ ಸೇರಿತು.

ಮುಂದಿನ ಸಾಲಿನ ಅಮ್ಮನವರು ಕೇಳಲಿರುವ ಪ್ರಶ್ನೆ ನನಗೆ ಗೊತ್ತು: ವಾಸನೆ ಇದೆಯೇ, ಮುಡಿಯಬಹುದೇ? ಇಲ್ಲಮ್ಮ. ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಎಸಳೂ ಕೆಲವೇ. ಇನ್ನೊಂದು ಪೆಟ್ಟೂ ಬಿತ್ತು. ನುಸಿಯಿಂದ ಹರಡುವ 'ರೋಸ್ ರೋಸೆಟ್' ಎಂಬ ವೈರಸ್ ರೋಗಕ್ಕೆ ಅದರ ಬಳಿ ಉತ್ತರವಿರಲಿಲ್ಲ. ಎಲ್ಲೆಡೆ ಒಂದೇ ತಳಿ ತುಂಬಿದ್ದರಿಂದ ಅಲ್ಲಿ ಸಾಲು ಸಾಲು ಗಿಡಗಳು ಹಾಳಾದವು. ಆದ್ದರಿಂದ ನಾಕ್ ಔಟನ್ನೇ ನೆಡಿ ಎಂದು ನಾನು ಹೇಳುತ್ತಿಲ್ಲ. ರಾಡ್ಲರ್ ಆರಿಸಿದ ರೀತಿಯನ್ನು ಕಲಿಯಿರಿ ಎನ್ನುತ್ತಿದ್ದೇನೆ. ಜರ್ಮನಿಯಲ್ಲಿ 'ಎ.ಡಿ.ಆರ್.' ಎಂಬ ಪರೀಕ್ಷೆ ಇದೆ. ಬೇರೆ ಬೇರೆ ಊರುಗಳ ತೋಟಗಳಲ್ಲಿ ಔಷಧಿ ಹೊಡೆಯದೆ ಮೂರು ವರ್ಷ ಬೆಳೆಸಿ ನೋಡಿದ ಮೇಲೆಯೇ ಮುದ್ರೆ. ಅಂಥದ್ದೊಂದು ನಮ್ಮ ಮಳೆಗೆ, ನಮ್ಮ ಬಿಸಿಲಿಗೆ ತಕ್ಕಂತೆ ಇಲ್ಲಿಯೂ ಇರಬೇಕಿತ್ತು.

ವಿಸ್ಕಾನ್ಸಿನ್‌ನಲ್ಲಿ ಹಿಮ ಬೀಳುತ್ತದೆ, ಗಿಡ ಮಲಗುತ್ತದೆ. ನಮ್ಮಲ್ಲಿ ಗಿಡಕ್ಕೆ ನಿದ್ದೆಯೇ ಇಲ್ಲ, ರೋಗಕ್ಕೂ ಇಲ್ಲ. ಇದನ್ನು ಮೊದಲೇ ಅರಿತವರು ಕೊಡೈಕೆನಾಲಿನ ವೀರರಾಘವನ್ ಮತ್ತು ಗಿರಿಜಾ ದಂಪತಿ. ವೀರರಾಘವನ್ ಐ.ಎ.ಎಸ್. ಕೆಲಸದಿಂದ ಬೇಗನೆ ನಿವೃತ್ತಿ ಪಡೆದು ಗುಲಾಬಿಗೆ ಕೂತವರು. ಬಂಗಾಳ, ಬಿಹಾರದ ಜೌಗಿನಲ್ಲಿ ನೀರು ನಿಂತರೂ ಬದುಕುವ 'ರೋಸಾ ಕ್ಲೈನೊಫಿಲ್ಲಾ', ಮಣಿಪುರದ ಬೆಟ್ಟಗಳಲ್ಲಿ ದೊಡ್ಡ ಮರಗಳನ್ನೇರುವ 'ರೋಸಾ ಜೈಗಾಂಟಿಯಾ', ಇವೆರಡು ಕಾಡು ಗುಲಾಬಿಗಳನ್ನು ಹಿಡಿದು ಬಿಸಿಲ ನಾಡಿಗೆ ಹೊಂದುವ ತಳಿಗಳನ್ನು ಮಾಡಿದರು. ಅವರ ಹಳದಿ ಛಾಯೆಯ ಒಂದು ಗುಲಾಬಿಗೆ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರ ಹೆಸರಿದೆ. ನಾನು ಹುಡುಕಿ ನೆಡಿ ಎನ್ನುವುದು ಇಂಥವನ್ನು. ಹೆಸರು ಕೇಳಿದರೆ ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ಆದರೂ ಕೇಳುತ್ತಿರಿ. ಕೇಳುವವರಿಲ್ಲದೆ ಯಾರೂ ತರಿಸುವುದಿಲ್ಲ.

ದೆಹಲಿಯ ಬಿ.ಪಿ. ಪಾಲ್ ಅವರ ಬಗ್ಗೆ ಹೇಳಲೇಬೇಕು. ಗೋಧಿಯ ತುಕ್ಕು ರೋಗದ ವಿರುದ್ಧ ತಳಿ ಕಟ್ಟಿದ ಆ ದೊಡ್ಡ ವಿಜ್ಞಾನಿಯೇ ಭಾರತೀಯ ಗುಲಾಬಿಗಳ ಹಿರಿಯಜ್ಜ. ಗೋಧಿಯವರಿಗೆ ಎಲೆ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ, ನೋಡಿ. ಅವರ ಸಂಸ್ಥೆಯಿಂದ ಬಂದ 'ಮೋಹಿನಿ'ಯ ಚಾಕೊಲೇಟ್ ಬಣ್ಣ... ಬೇಡ, ಬಣ್ಣಕ್ಕಿಳಿದರೆ ನಾನೇ ಜಾರುತ್ತೇನೆ.

ಚೀಟಿ ಬಂತು. ಹತ್ತು ನಿಮಿಷವಂತೆ. ನೀಲಿ ಗುಲಾಬಿ ಬಗ್ಗೆ ಎರಡೇ ಮಾತು: ಜಪಾನಿನ ಸನ್‌ಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿ ಮಾಡಿದ 'ಅಪ್ಲಾಸ್' 2009ರಲ್ಲಿ ಮಾರಾಟಕ್ಕೆ ಬಂತು. ನೋಡಿದರೆ ಅದು ತಿಳಿ ನೇರಳೆ. ಮೊಬೈಲಿನಲ್ಲಿ ಕಡು ನೀಲಿ ಗುಲಾಬಿಯ ಬೀಜ ಮಾರುವವರನ್ನು ನಂಬಬೇಡಿ. ಬೀಜದಿಂದ ಎದ್ದ ಗುಲಾಬಿ ತಾಯಿಯ ಹಾಗಿರುವುದಿಲ್ಲ. ಇಂಗ್ಲೆಂಡಿನ ತಳಿಗಾರ ಡೇವಿಡ್ ಆಸ್ಟಿನ್ ಅವರ ಗುಲಾಬಿಗಳ ಮೇಲೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ, ಅವು ಚೀಲದಲ್ಲೇ ಇರಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ 'ಅರ್ಕಾ ಪರಿಮಳ', 'ಅರ್ಕಾ ಸವಿ' ನಮ್ಮ ನೆಲದಲ್ಲೇ ಹುಟ್ಟಿದವು, ಅವನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಹೋಗುವುದಿದ್ದರೆ ಮಳೆ ಹಿಡಿದಾಗಲೇ ಹೋಗಿ. ಆಗ ಯಾವ ಗಿಡದ ಬುಡದಲ್ಲಿ ಎಲೆ ನಿಂತಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಸವರುವ ಬಗ್ಗೆ ಹೇಳಲು ಸಮಯವಿಲ್ಲ. ಜನವರಿ 26ಕ್ಕೆ ಹೂ ಬೇಕಾದರೆ ಸುಮಾರು ನಲವತ್ತೈದು ದಿನ ಮುಂಚೆ ಕತ್ತರಿ ಹಿಡಿಯಿರಿ. ಕಸಿಗಂಟಿನ ಕೆಳಗೆ ಬರುವ ನಾಟಿ ಚಿಗುರನ್ನು ಕತ್ತರಿಸದೆ ಬುಡಸಮೇತ ಕಿತ್ತು ತೆಗೆಯಿರಿ. ಉದುರಿದ ಎಲೆಯನ್ನು ಕುಂಡದಲ್ಲಿ ಬಿಡಬೇಡಿ. ಪ್ರಶ್ನೆಗಳಿಗೆ ಐದು ನಿಮಿಷ ಉಳಿದಿದೆ. ಮೊಟ್ಟೆ ಚಿಪ್ಪು, ಚಹಾ ಚರಟ, ಬಾಳೆಹಣ್ಣಿನ ಸಿಪ್ಪೆಯ ವಿಚಾರವಿದ್ದವರು ಊಟದ ಹೊತ್ತಿನಲ್ಲಿ ಸಿಗಿ.